ಗೋಣಿಚೀಲದಲ್ಲಿ ಊರಿಗೆ ಹೋದ ಕಂಪ್ಯೂಟರ್

ನಮ್ಮದು ತಿಪಟೂರಿನ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಎಂಟನೇ ಕ್ಲಾಸು ಓದುವ ಅವರ ಮಗಳು. ಐದು ಜನಕ್ಕೆ ನಾಲ್ಕು ಫೋನ್‌ಗಳಿವೆ, ನಾಲ್ಕರಲ್ಲೂ ಇಂಟರ್ನೆಟ್ ಇದೆ, ಮನೆಗೆ ಫೈಬರ್ ಬಂದೂ ಎರಡು ವರ್ಷವಾಯಿತು. ಆದರೂ ಹೋದ ದೀಪಾವಳಿಗೆ ಊರಿಗೆ ಹೋದಾಗ ನೋಡಿದೆ, ಯಾರಿಗೂ ಬೇಕಾದ ಕೆಲಸ ನೆಟ್ಟಗೆ ಆಗುತ್ತಿರಲಿಲ್ಲ.

ಅಪ್ಪ ಜಗಲಿ ಮೇಲೆ ಕೂತು ಫೋನಿನಲ್ಲಿ ಪಹಣಿ ನೋಡಲು ಒದ್ದಾಡುತ್ತಿದ್ದರು. ಭೂಮಿ ವೆಬ್‌ಸೈಟ್ ಬಳಸಿದವರಿಗೆ ಗೊತ್ತು. ಮೊದಲು ಜಿಲ್ಲೆ ಆರಿಸಬೇಕು, ತಾಲ್ಲೂಕು ಆರಿಸಬೇಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಆಮೇಲೆ ಸರ್‌ನಾಕ್, ಹಿಸ್ಸಾ. ಪುಟ್ಟ ಪರದೆಯಲ್ಲಿ ಹೆಬ್ಬೆರಳು ಒಂಚೂರು ಜಾರಿದರೆ ಪಕ್ಕದ ಹೋಬಳಿ ಸೆಲೆಕ್ಟ್ ಆಗುತ್ತದೆ. ಅಷ್ಟರಲ್ಲಿ ಯಾರದೋ ಕರೆ ಬರುತ್ತದೆ. ವಾಪಸ್ ಬಂದರೆ ಪುಟ ಮೊದಲಿಂದ ಶುರು. ಒಳಗೆ ಅಣ್ಣನ ಮಗಳು ಅತ್ತಿಗೆಯ ಫೋನಿನಲ್ಲಿ ವಿಜ್ಞಾನದ ಪಠ್ಯಪುಸ್ತಕದ ಪಿಡಿಎಫ್ ಓದುತ್ತಿದ್ದಳು. ಒಂದು ಸಾಲು ಓದೋಕೆ ಪುಟ ದೊಡ್ಡದು ಮಾಡಬೇಕು, ಆ ಕಡೆ ಈ ಕಡೆ ಎಳೆಯಬೇಕು, ಚಿತ್ರ ನೋಡೋಕೆ ಮತ್ತೆ ಚಿಕ್ಕದು ಮಾಡಬೇಕು. ಅಮ್ಮ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ಹರಿಕಥೆ ಕೇಳುತ್ತಿದ್ದರು, ನಡುನಡುವೆ ‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಅಂತ ಯಾವುದೋ ಜಾಹೀರಾತು ಬಂದು ಅವರನ್ನು ಹೆದರಿಸುತ್ತಿತ್ತು.

ಮನೆಗೆ ಒಂದು ಕಂಪ್ಯೂಟರ್ ಬೇಕು ಅಂತ ನನಗೆ ಆವತ್ತೇ ಅನ್ನಿಸಿತು. ಒಬ್ಬರಿಗಲ್ಲ, ಮನೆಗೆ. ಮನೆಯ ಹಾಲ್‌ನಲ್ಲಿ ಇರಬೇಕು, ದೊಡ್ಡ ಪರದೆ ಇರಬೇಕು, ಅಪ್ಪ ಪಹಣಿ ತೆಗೆದರೆ ಅಣ್ಣನೂ ಹಿಂದೆ ನಿಂತು ನೋಡುವ ಹಾಗಿರಬೇಕು. ಹೊಸದು ತರುವಷ್ಟು ದುಡ್ಡು ಆ ತಿಂಗಳು ನನ್ನ ಹತ್ತಿರ ಇರಲಿಲ್ಲ. ಹೊಸದು ಬೇಕಾಗಿಯೂ ಇರಲಿಲ್ಲ. ಮನೆಯವರು ಮಾಡುವುದೆಲ್ಲ ಬ್ರೌಸರ್ ಒಳಗಿನ ಕೆಲಸ. ಹತ್ತು ಹನ್ನೆರಡು ವರ್ಷದ ಹಿಂದಿನ ಆಫೀಸ್ ಮಷೀನಿಗೂ ಅಷ್ಟು ತಾಕತ್ತು ಇದ್ದೇ ಇರುತ್ತದೆ. ಸಮಯವೂ ಸರಿಯಾಗಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಹಾಕಬೇಕಾದರೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು, ಜೊತೆಗೆ ಟಿಪಿಎಂ 2.0 ಅನ್ನೋ ಚಿಪ್ ಬೇಕು. ಹಾಗಾಗಿ ಚೆನ್ನಾಗಿ ಓಡುತ್ತಿರುವ ಮಷೀನುಗಳನ್ನೇ ಆಫೀಸುಗಳು ಹೊರಗೆ ಹಾಕುತ್ತಿವೆ. ಒಂದು ಸ್ಕ್ರೂ ಕೂಡ ಸಡಿಲ ಆಗದ ಡಬ್ಬಗಳು ಗುಜರಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಂದು ಶನಿವಾರ ಎಸ್‌ಪಿ ರೋಡಿಗೆ ಹೋದೆ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯನ್ನು ಪೂರ್ತಿ ಹೆಸರಿಟ್ಟು ಕರೆಯುವವರು ಈಗ ಕಡಿಮೆ. ನಾಲ್ಕು ಅಂಗಡಿ ತಿರುಗಿ ಒಂದು ಬ್ರಾಂಡೆಡ್ ಆಫೀಸ್ ಡೆಸ್ಕ್‌ಟಾಪ್ ಆರಿಸಿದೆ. ಐ3-4130 ಪ್ರೊಸೆಸರ್, ಅಂದರೆ 2013ರದ್ದು. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, 19 ಇಂಚಿನ ಮಾನಿಟರ್, ಕೀಬೋರ್ಡ್, ಮೌಸ್. ಎಲ್ಲ ಸೇರಿ 6,500 ರೂಪಾಯಿ.

ಹಳೆಯದು ಕೊಳ್ಳುವವರಿಗೆ ಒಂದು ಮಾತು. ಅಂಗಡಿಯವರು ಆನ್ ಮಾಡಿ ತೋರಿಸಿದ ತಕ್ಷಣ ದುಡ್ಡು ಕೊಡಬೇಡಿ. ಪಕ್ಕದ ಮುಚ್ಚಳ ತೆಗೆಸಿ. ಮದರ್‌ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳ ಹಾಗೆ ನಿಂತಿರುವ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿದೆಯಾ ನೋಡಿ. ಉಬ್ಬಿದ್ದರೆ, ಕಂದು ಬಣ್ಣದ ಅಂಟು ಸೋರಿದ್ದರೆ ಆ ಮಷೀನು ಬೇಡ. ರ‍್ಯಾಮ್‌ಗೆ ಇನ್ನೊಂದು ಸ್ಲಾಟ್ ಖಾಲಿ ಇದೆಯಾ ನೋಡಿ. ಎಲ್ಲ ಯುಎಸ್‌ಬಿ ಪೋರ್ಟ್‌ಗಳಿಗೂ ನಿಮ್ಮದೇ ಪೆನ್‌ಡ್ರೈವ್ ಹಾಕಿ ನೋಡಿ. ಬಯೋಸ್‌ಗೆ, ಅಂದರೆ ಆನ್ ಮಾಡಿದ ತಕ್ಷಣ ಮೊದಲು ಓಡುವ ಒಳಗಿನ ವ್ಯವಸ್ಥೆಗೆ, ಪಾಸ್‌ವರ್ಡ್ ಇದೆಯಾ ಅಂತ ಒಳಗೆ ಹೋಗಿ ನೋಡಿ, ಆಫೀಸಿನಿಂದ ಬಂದ ಮಷೀನುಗಳಲ್ಲಿ ಹಳೆಯ ಪಾಸ್‌ವರ್ಡ್ ಹಾಗೇ ಉಳಿದಿರುತ್ತದೆ, ಮನೆಗೆ ತಂದ ಮೇಲೆ ಅದು ದೊಡ್ಡ ತಲೆನೋವು. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಒಳ್ಳೆ ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ರೂಮಿಗೆ ತಂದು ಹಚ್ಚಿದೆ. ಅಂಗಡಿಯವರು ಹಾಕಿಕೊಟ್ಟಿದ್ದ ವಿಂಡೋಸ್ 7 ಬಂತು. ಬರೋಕೆ ಎರಡೂವರೆ ನಿಮಿಷ. ಬ್ರೌಸರ್ ತೆಗೆದರೆ ಯಾವ ಸೈಟಿಗೆ ಹೋದರೂ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಅನ್ನುವ ಅರ್ಥದ ಕೆಂಪು ಎಚ್ಚರಿಕೆ. ಮೊದಲು ವೈರಸ್ ಅಂದುಕೊಂಡೆ. ಆಮೇಲೆ ಬಲಗಡೆ ಮೂಲೆಯ ಗಡಿಯಾರ ಕಣ್ಣಿಗೆ ಬಿತ್ತು, 2013ರ ಜನವರಿ ತೋರಿಸುತ್ತಿತ್ತು. ಮದರ್‌ಬೋರ್ಡಿನ ಮೇಲೆ ನಾಣ್ಯದ ಹಾಗೆ ಒಂದು ಸೆಲ್ ಇರುತ್ತದೆ, ಸಿಆರ್2032 ಅಂತ. ಕರೆಂಟ್ ಇಲ್ಲದಾಗಲೂ ತಾರೀಕು ನೆನಪಿಟ್ಟುಕೊಳ್ಳೋದು ಅದರ ಕೆಲಸ. ಅದು ಸತ್ತಿತ್ತು. ವೆಬ್‌ಸೈಟ್ ಅಸಲಿ ಅಂತ ತೋರಿಸುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರ್ 2013ರಲ್ಲಿ ಕೂತುಕೊಂಡು ನೋಡಿದರೆ ಆ ಸರ್ಟಿಫಿಕೇಟುಗಳು ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ಬ್ರೌಸರ್ ನಂಬುವುದಿಲ್ಲ. ನಲವತ್ತು ರೂಪಾಯಿಯ ಹೊಸ ಸೆಲ್ ಹಾಕಿ ತಾರೀಕು ಸರಿ ಮಾಡಿದೆ, ಎಲ್ಲ ಸೈಟೂ ತೆರೆದುಕೊಂಡವು. ಇದೊಂದು ಗೊತ್ತಿಲ್ಲದೆ ‘ಇಂಟರ್ನೆಟ್ಟೇ ಬರಲ್ಲ’ ಅಂತ ಎಷ್ಟು ಕಂಪ್ಯೂಟರ್‌ಗಳು ಅಟ್ಟ ಸೇರಿವೆಯೋ ಏನೋ.

ಅವತ್ತು ರಾತ್ರಿ ಪೂರ್ತಿ ಬಿಚ್ಚಿದೆ. ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಧೂಳು ಕಂಬಳಿ ಹಾಗೆ ಹೆಣೆದುಕೊಂಡಿತ್ತು. ಬೆರಳಿನಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಬಂತು. ಗಾಳಿ ಹೋಗೋಕೆ ದಾರಿಯೇ ಇಲ್ಲದಿದ್ದರೆ ಪ್ರೊಸೆಸರ್ ತಾನೇ ತನ್ನ ವೇಗ ಕಡಿಮೆ ಮಾಡಿಕೊಳ್ಳುತ್ತದೆ, ಸುಟ್ಟುಹೋಗದಿರಲಿ ಅಂತ. ನಾವು ಅದನ್ನು ‘ಹಳೇದಾಯ್ತು, ಸ್ಲೋ ಆಯ್ತು’ ಅನ್ನುತ್ತೇವೆ. ಬಣ್ಣ ಹಚ್ಚುವ ಬ್ರಷ್ಷಿನಿಂದ ನಿಧಾನವಾಗಿ ತೆಗೆದೆ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಬೇಡಿ, ಆ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ. ಬ್ಲೋಯರ್ ಇದ್ದರೆ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಂಡು ಊದಿ. ಪ್ರೊಸೆಸರಿನ ಬಿಸಿಯನ್ನು ಮೇಲಿನ ರೆಕ್ಕೆಗಳಿಗೆ ದಾಟಿಸುವ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಂತಾಗಿತ್ತು. ಅದನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಫ್ಯಾನ್ ಕೂರಿಸಿದೆ. ಮೊದಲು ಸ್ವಲ್ಪ ಕೆಲಸ ಕೊಟ್ಟರೂ 85 ಡಿಗ್ರಿ ಮುಟ್ಟುತ್ತಿದ್ದದ್ದು ಈಗ 55ರ ಆಸುಪಾಸಿನಲ್ಲಿ ನಿಂತಿತು. ಫ್ಯಾನಿನ ಸದ್ದೂ ಹೋಯಿತು.

ಹಳೆಯ ಹಾರ್ಡ್ ಡಿಸ್ಕಿನ ವಿಷಯ ಸ್ವಲ್ಪ ಹೇಳಬೇಕು. ಅದರ ಡಿ ಡ್ರೈವಿನಲ್ಲಿ ಹಿಂದಿನ ಆಫೀಸಿನವರ ಫೋಲ್ಡರ್‌ಗಳು ಹಾಗೇ ಇದ್ದವು. ಸಂಬಳ, ಹಾಜರಿ, ಗುರುತಿನ ಚೀಟಿ ಸ್ಕ್ಯಾನ್ ಅಂತ ಹೆಸರುಗಳು. ಒಂದನ್ನೂ ತೆಗೆಯಲಿಲ್ಲ. ಯಾರದೋ ಆಧಾರ್ ಕಾರ್ಡು, ಯಾರದೋ ಬ್ಯಾಂಕ್ ಖಾತೆ ನಂಬರ್ ಹೀಗೆ ಗುಜರಿ ದಾರಿಯಲ್ಲಿ ಓಡಾಡಿಕೊಂಡಿರುವುದು ನೋಡಿ ಮನಸ್ಸಿಗೆ ಕಷ್ಟವಾಯಿತು. ಸುಮ್ನೆ ಡಿಲೀಟ್ ಮಾಡಿದರೆ ಅದು ಹೋಗುವುದಿಲ್ಲ, ಫಾರ್ಮ್ಯಾಟ್ ಮಾಡಿದರೂ ಬಹಳಷ್ಟು ವಾಪಸ್ ತೆಗೆಯಬಹುದು. ಡಿಸ್ಕಿನ ತುದಿಯಿಂದ ತುದಿಗೆ ಸೊನ್ನೆ ಬರೆಸಬೇಕು. 500 ಜಿಬಿಗೆ ಸುಮಾರು ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಅದರ ಆರೋಗ್ಯದ ಲೆಕ್ಕ ನೋಡಿದೆ, ಡಿಸ್ಕ್ ತನ್ನೊಳಗೇ ಇಟ್ಟುಕೊಂಡಿರುವ ‘ಸ್ಮಾರ್ಟ್’ ಅನ್ನೋ ದಾಖಲೆ ಅದು. 31,000 ಗಂಟೆ ಓಡಿತ್ತು, ಕೆಲವು ಸೆಕ್ಟರ್‌ಗಳು ಕೆಟ್ಟು ಬದಲಿ ಜಾಗಕ್ಕೆ ಹೋಗಿದ್ದವು. ಮನೆಯವರ ಫೋಟೊ ಇಡುವ ಜಾಗ ಅದಲ್ಲ. ಅದನ್ನು ಪಕ್ಕಕ್ಕಿಟ್ಟು 1,800 ರೂಪಾಯಿಗೆ ಒಂದು 256 ಜಿಬಿ ಎಸ್‌ಎಸ್‌ಡಿ ತಂದೆ, ಒಳಗೆ ತಿರುಗುವ ತಟ್ಟೆ ಇಲ್ಲದ, ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಡಿಸ್ಕ್ ಅದು. 600 ರೂಪಾಯಿಗೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿ ಒಟ್ಟು 8 ಮಾಡಿದೆ.

ನಿಮ್ಮ ಹತ್ತಿರ ಒಂದೇ ಒಂದು ಬದಲಾವಣೆಗೆ ದುಡ್ಡಿದ್ದರೆ ಎಸ್‌ಎಸ್‌ಡಿ ಹಾಕಿಸಿ. ಬೇರೆ ಯಾವುದೂ ಅಷ್ಟು ಫರಕ್ಕು ತರಲ್ಲ.

ಇನ್ನು ಯಾವ ಸಾಫ್ಟ್‌ವೇರ್ ಅನ್ನೋದು. ವಿಂಡೋಸ್ 7 ಇಟ್ಟುಕೊಳ್ಳುವ ಮಾತೇ ಇರಲಿಲ್ಲ. ಅದಕ್ಕೆ 2020ರ ಜನವರಿ 14ಕ್ಕೇ ಸಪೋರ್ಟ್ ನಿಂತಿದೆ, 2023ರಿಂದ ಕ್ರೋಮ್‌ನ ಹೊಸ ಆವೃತ್ತಿಗಳೂ ಅದಕ್ಕೆ ಬರುತ್ತಿಲ್ಲ. ಅಂಥ ಮಷೀನಿನಲ್ಲಿ ಅಪ್ಪ ಒಂದು ದಿನ ಬ್ಯಾಂಕಿನ ಸೈಟ್ ತೆಗೆದರೆ? ಹಾಗಾಗಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಪುಕ್ಕಟೆ ಸಿಗುತ್ತದೆ, 2029ರವರೆಗೆ ಅಪ್‌ಡೇಟ್ ಬರುತ್ತದೆ, 4 ಜಿಬಿ ರ‍್ಯಾಮಿನಲ್ಲೂ ಆರಾಮಾಗಿ ಓಡುತ್ತದೆ. ಪೆನ್‌ಡ್ರೈವಿಗೆ ಬರೆದು, ಆನ್ ಮಾಡುವಾಗ ಎಫ್12 ಒತ್ತಿ, ಇನ್‌ಸ್ಟಾಲ್ ಅಂದೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಎರಡೂವರೆ ನಿಮಿಷ ತೆಗೆದುಕೊಳ್ಳುತ್ತಿದ್ದ ಅದೇ ಮಷೀನು ಈಗ ಇಪ್ಪತ್ತು ಸೆಕೆಂಡಿಗೆ ಎದ್ದು ಕೂರುತ್ತದೆ.

ಮುಂದಿನ ಶುಕ್ರವಾರ ಸಂಜೆ ಊರಿಗೆ ಹೊರಟೆ. ಸಿಪಿಯು ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಗೋಣಿಚೀಲಕ್ಕೆ ಹಾಕಿದ್ದೆ, ಮಾನಿಟರನ್ನು ಎದೆಗೆ ಅವುಚಿಕೊಂಡಿದ್ದೆ. ರೈಲಿನಲ್ಲಿ ಎದುರಿಗೆ ಕೂತಿದ್ದ ಅಜ್ಜ ಒಬ್ಬರು ತುಮಕೂರಿನವರೆಗೂ ಚೀಲವನ್ನೇ ನೋಡುತ್ತಿದ್ದರು. ಕೊನೆಗೆ ‘ಏನಪ್ಪಾ ಅದು, ಮಿಕ್ಸಿನಾ?’ ಅಂದರು. ಕಂಪ್ಯೂಟರ್ ಅಂದೆ. ‘ಊರಿಗಾ?’ ಅಂದರು. ಹೌದು ಅಂದೆ. ‘ಕೆಳಗಿಡಬೇಡ, ಅಲ್ಲಾಡುತ್ತೆ’ ಅಂತ ತಮ್ಮ ಟವೆಲ್ ಮಡಿಸಿ ಚೀಲದ ಅಡಿಗೆ ಕೊಟ್ಟರು. ಗುಬ್ಬಿಯಲ್ಲಿ ಅವರು ಇಳಿಯುವವರೆಗೂ ಆ ಟವೆಲ್ ಅಲ್ಲೇ ಇತ್ತು.

ಮನೆಗೆ ಹೋಗಿ ಎಲ್ಲ ಜೋಡಿಸಿ, ಮನೆಯವರೆಲ್ಲ ಸುತ್ತ ನಿಂತಿರುವಾಗ ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪಗೇ ಇತ್ತು. ಮತ್ತೆ ಒತ್ತಿದೆ, ಮತ್ತೆ ಕಪ್ಪು. ಅಮ್ಮ ಏನೂ ಅನ್ನಲಿಲ್ಲ, ಕಾಫಿ ತರುತ್ತೇನೆ ಅಂತ ಒಳಗೆ ಹೋದರು. ಅಣ್ಣನ ಮಗಳು ಮಾತ್ರ ‘ಚಿಕ್ಕಪ್ಪ, ಕೆಟ್ಟೋಯ್ತಾ?’ ಅಂದಳು. ಇಲ್ಲ ಕಣಮ್ಮ, ನಿನ್ನ ಜಾಮಿಟ್ರಿ ಬಾಕ್ಸಿನಿಂದ ರಬ್ಬರ್ ಕೊಡು ಅಂದೆ. ವೈರ್ ಕಿತ್ತು, ಮುಚ್ಚಳ ತೆಗೆದು, ರ‍್ಯಾಮ್ ಪಟ್ಟಿಗಳನ್ನು ಹೊರಗೆ ತೆಗೆದೆ. ಅವುಗಳ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳಿರುತ್ತವಲ್ಲ, ಅದರ ಮೇಲೆ ಮಂಕು ಪೊರೆ ಕೂತಿರುತ್ತದೆ, ಜೊತೆಗೆ ದಾರಿಯ ಕುಲುಕಾಟಕ್ಕೆ ಸ್ಲಾಟಿನಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಸಾಕು. ಅವಳ ಕೈಗೇ ರಬ್ಬರ್ ಕೊಟ್ಟು, ಪೆನ್ಸಿಲ್ ಗುರುತು ಅಳಿಸುವ ಹಾಗೆ ಮೆತ್ತಗೆ ಉಜ್ಜು ಅಂದೆ. ಎರಡೂ ಕಡೆ ಉಜ್ಜಿದಳು, ರಬ್ಬರ್ ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿದಳು. ವಾಪಸ್ ಕೂರಿಸಿದಾಗ ಎರಡು ತುದಿಯ ಕ್ಲಿಪ್‌ಗಳು ಟಕ್ ಟಕ್ ಅಂದವು. ಆನ್ ಮಾಡಿದೆ, ಬಂತು. ಕಂಪ್ಯೂಟರ್ ರಿಪೇರಿ ಮಾಡಿದ್ದು ನಾನೇ ಅಂತ ಅವಳು ಮರುದಿನ ಇಡೀ ಬೀದಿಗೆ ಹೇಳಿಕೊಂಡು ಬಂದಳು. ನಿಜವೇ ಅಲ್ವಾ.

ಹಾರ್ಡ್‌ವೇರ್ ಕೆಲಸ ಮುಗಿದರೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಆದರೆ ಜಾಸ್ತಿ ಹೊತ್ತು ಹಿಡಿದದ್ದು ಆಮೇಲಿನದು. ಓಡುವ ಕಂಪ್ಯೂಟರನ್ನು ಮನೆಯವರ ಕಂಪ್ಯೂಟರ್ ಮಾಡೋದು.

ಇಂಟರ್ನೆಟ್ಟಿಗೆ ವೈಫೈ ಡಾಂಗಲ್ ತರದೆ, ಹಾಲ್‌ನಲ್ಲೇ ಇದ್ದ ರೂಟರಿನಿಂದ ಎರಡು ಮೀಟರ್ ಲ್ಯಾನ್ ಕೇಬಲ್ ಎಳೆದೆ, ಹಳೆಯ ಮಷೀನಿಗೆ ಅದೇ ವಾಸಿ. ರೂಟರಿನಲ್ಲಿ ಡಿಎನ್‌ಎಸ್ ಅನ್ನು, ಅಂದರೆ ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸೇವೆಯನ್ನು, 1.1.1.3 ಮಾಡಿದೆ. ಕ್ಲೌಡ್‌ಫ್ಲೇರ್‌ನವರು ಮನೆಗಳಿಗೇ ಅಂತ ಕೊಡುವ ಉಚಿತ ಸೌಲಭ್ಯ ಅದು, ವೈರಸ್ ಹರಡುವ ಸೈಟ್‌ಗಳನ್ನೂ ಮಕ್ಕಳು ನೋಡಬಾರದ್ದನ್ನೂ ಬಹಳ ಮಟ್ಟಿಗೆ ತಡೆಯುತ್ತದೆ. ಫೈರ್‌ಫಾಕ್ಸ್ ಬ್ರೌಸರಿಗೆ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಹಾಕಿದೆ. ಅಮ್ಮನನ್ನು ಹೆದರಿಸುತ್ತಿದ್ದ ಆ ‘ವೈರಸ್ ಬಂದಿದೆ’ ಜಾಹೀರಾತು ಇಲ್ಲಿ ಇಲ್ಲಿಯವರೆಗೆ ಒಂದು ಸಲವೂ ಬಂದಿಲ್ಲ. ಸೈಟ್‌ಗಳು ‘ನೋಟಿಫಿಕೇಶನ್ ಕಳಿಸಲಾ’ ಅಂತ ಕೇಳುವುದನ್ನೇ ಸೆಟ್ಟಿಂಗಿನಲ್ಲಿ ಬಂದ್ ಮಾಡಿದೆ. ವಯಸ್ಸಾದವರು ಗೊತ್ತಿಲ್ಲದೆ ‘ಅಲೋ’ (ಒಪ್ಪಿಗೆ) ಒತ್ತುವುದರಿಂದಲೇ ಅರ್ಧ ತೊಂದರೆ ಶುರುವಾಗುವುದು.

ಯೂಟ್ಯೂಬ್ ಮೊದಲು ಎಳೆದಾಡಿತು. ಈ ಕಾಲದ ವಿಡಿಯೊಗಳು ಬರುವ ವಿಪಿ9, ಎವಿ1 ಅನ್ನೋ ರೂಪಗಳನ್ನು ಬಿಡಿಸುವ ವ್ಯವಸ್ಥೆ ಈ ಹಳೆಯ ಗ್ರಾಫಿಕ್ಸಿನಲ್ಲಿ ಇಲ್ಲ, ಎಲ್ಲ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಎಚ್264ಇಫೈ ಅನ್ನೋ ಚಿಕ್ಕ ಎಕ್ಸ್‌ಟೆನ್ಷನ್ ಹಾಕಿದರೆ ಯೂಟ್ಯೂಬ್ ಹಳೆಯ ಎಚ್.264 ರೂಪದಲ್ಲೇ ಕಳಿಸುತ್ತದೆ. ಅದನ್ನು ಹಾಕಿದ ಮೇಲೆ ಹರಿಕಥೆ ಒಂದು ಕಡೆಯೂ ತಡವರಿಸದೆ ಓಡಿತು. ‘ಹಳೇ ಕಂಪ್ಯೂಟರಿಗೆ ಯೂಟ್ಯೂಬ್ ಓಡಲ್ಲ’ ಅನ್ನುವವರು ಇದೊಂದು ಮಾಡಿ ನೋಡಬೇಕು.

ಆಮೇಲೆ ಕನ್ನಡ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಅಪ್ಪ ಪಂಚಾಯಿತಿ ಆಫೀಸಿನಲ್ಲಿ ಗುಮಾಸ್ತರಾಗಿದ್ದು ರಿಟೈರ್ ಆದವರು. ಜೀವನಪೂರ್ತಿ ಕನ್ನಡದಲ್ಲೇ ಬರೆದವರು. ಆದರೆ ಫೋನ್ ಬಂದ ಮೇಲೆ ಅವರು ಬರೆಯುವುದನ್ನೇ ಬಿಟ್ಟಿದ್ದರು. ಯಾರಿಗಾದರೂ ಏನಾದರೂ ಹೇಳಬೇಕಾದರೆ ಮೈಕ್ ಒತ್ತಿ ಮಾತಾಡಿ ಕಳಿಸುವುದು, ಇಲ್ಲವೇ ಇಂಗ್ಲಿಷ್ ಅಕ್ಷರದಲ್ಲಿ ಎರಡು ಪದ. ಅಷ್ಟು ದುಂಡಾಗಿ ಅರ್ಜಿ ಬರೆಯುತ್ತಿದ್ದ ಮನುಷ್ಯ. ಅದನ್ನು ನೋಡಿದಾಗೆಲ್ಲ ನನಗೆ ಏನೋ ಕಳೆದುಹೋದ ಹಾಗೆ ಅನ್ನಿಸುತ್ತಿತ್ತು.

ಸಿಸ್ಟಮ್ಮಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದೆ. ಅನುವಾದ ಪೂರ್ತಿ ಆಗಿಲ್ಲ, ಮೆನುವಿನಲ್ಲಿ ಅಷ್ಟು ಕನ್ನಡ, ಇಷ್ಟು ಇಂಗ್ಲಿಷ್. ಫೈಲ್ ಅನ್ನೋ ಕಡೆ ‘ಕಡತ’ ಅಂತ ಬರುತ್ತದೆ. ನಾನು ಇದೇನು ಪುಸ್ತಕದ ಪದ ಅಂದುಕೊಳ್ಳುತ್ತಿರುವಾಗಲೇ ಅಪ್ಪ ‘ಕಡತ ಅಲ್ಲಿದೆ ನೋಡು, ಅದನ್ನ ತೆಗಿ’ ಅಂದರು. ಮೂವತ್ತು ವರ್ಷ ಕಡತ ವಿಲೇವಾರಿ ಮಾಡಿದವರಿಗೆ ಅದೇ ಸಲೀಸು. ಅತ್ತಿಗೆಗೂ ಹುಡುಗಿಗೂ ಇಂಗ್ಲಿಷ್ ಮೆನುವೇ ಇರಲಿ ಅಂದರು. ಸರಿ, ಎರಡು ಲಾಗಿನ್ ಮಾಡಿದೆ. ಒಂದು ಕನ್ನಡ, ದಪ್ಪ ಅಕ್ಷರ, ದೊಡ್ಡ ಬಾಣ. ಇನ್ನೊಂದು ಮಾಮೂಲಿ.

ಅಕ್ಷರಕ್ಕೆ ಗುಬ್ಬಿ ಫಾಂಟ್ ಹಾಕಿದೆ. ಲಿನಕ್ಸಿನಲ್ಲಿ ಕನ್ನಡಕ್ಕೆ ಲೋಹಿತ್, ಗುಬ್ಬಿ, ನವಿಲು ಅಂತ ಮುಕ್ತ ಫಾಂಟುಗಳು ಸಿಗುತ್ತವೆ. ಗುಬ್ಬಿ ಅಂದ ತಕ್ಷಣ ಅಪ್ಪ ‘ನಮ್ಮ ಗುಬ್ಬೀನಾ?’ ಅಂತ ಖುಷಿಯಾದರು. ಪಕ್ಕದಲ್ಲಿ ನವಿಲು ಇರೋದು ನೋಡಿದರೆ ಇದು ಹಕ್ಕಿ ಇರಬೇಕು ಅಂದೆ. ‘ಇರಲಿ, ನಾವು ಊರು ಅಂತಲೇ ಇಟ್ಕೊಳ್ಳೋಣ’ ಅಂದರು.

ಕೀಬೋರ್ಡಿಗೆ ಐಬಸ್‌ನಲ್ಲಿ, ಅಂದರೆ ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡುವ ಸೌಲಭ್ಯದಲ್ಲಿ, ಕೆಜಿಪಿ ವಿನ್ಯಾಸ ಹಾಕಿದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರಿಗೆ ಗೊತ್ತಿರುವ ವಿನ್ಯಾಸವೇ ಇದು, ಕೆ.ಪಿ. ರಾವ್ ಅವರು ರೂಪಿಸಿದ್ದು. ಇಂಗ್ಲಿಷ್ ಕೀಲಿಗಳಿಗೆ ಹತ್ತಿರದ ಸದ್ದಿನ ಕನ್ನಡ ಅಕ್ಷರ. ವ್ಯಂಜನ ಒತ್ತಿದರೆ ಅಕಾರ ಸೇರಿಯೇ ಬರುತ್ತದೆ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಬೇಕು. ಅದೊಂದು ಸೂತ್ರ ಹಿಡಿದರೆ ಮುಗಿಯಿತು, ಇಡೀ ಕನ್ನಡ ಕೈಗೆ ಬರುತ್ತದೆ. ಅಪ್ಪನನ್ನು ಕೂರಿಸಿ, ನಿಮಗೆ ಇಷ್ಟವಾದ ಒಂದು ಪದ ಹೇಳಿ ಅಂದೆ. ತಿಪಟೂರಿನವರಲ್ವಾ, ‘ಕೊಬ್ಬರಿ’ ಅಂದರು.

ಕೆ ಒತ್ತಿದರು, ‘ಕ’ ಬಂತು. ಓ ಒತ್ತಿದರು, ‘ಕ’ ‘ಕೊ’ ಆಯಿತು. ಬಿ ಒತ್ತಿದರು, ‘ಕೊಬ’. ಈಗ ಎಫ್ ಒತ್ತಿ ಅಂದೆ. ‘ಕೊಬ್’ ಅಂತ ಅರ್ಧಕ್ಕೆ ನಿಂತಿತು, ಅಪ್ಪನ ಬೆರಳೂ ನಿಂತಿತು, ತಪ್ಪಾಯಿತೇನೋ ಅಂತ ನನ್ನ ಮುಖ ನೋಡಿದರು. ಇನ್ನೊಂದು ಬಿ ಒತ್ತಿ ಅಂದೆ. ‘ಕೊಬ್ಬ’. ಒತ್ತು ಕೆಳಗೆ ಹೋಗಿ ಕೂತದ್ದನ್ನು ನೋಡಿ ಅಪ್ಪ ಕನ್ನಡಕ ಸರಿ ಮಾಡಿಕೊಂಡರು. ಆರ್, ಐ. ಏಳು ಕೀಲಿ, ಕೊಬ್ಬರಿ. ಅದನ್ನು ಅಳಿಸಿ ಮತ್ತೆ ತಾವೇ ಬರೆದರು. ಆಮೇಲೆ ಅಮ್ಮನ ಹೆಸರು ಬರೆದರು. ಆಮೇಲೆ ನಮ್ಮ ಊರಿನ ಹೆಸರು, ಅಂಚೆ, ತಾಲ್ಲೂಕು, ಜಿಲ್ಲೆ, ಅರ್ಜಿಯಲ್ಲಿ ಬರೆಯುವ ಹಾಗೆ ಒಂದರ ಕೆಳಗೆ ಒಂದು. ಊಟಕ್ಕೆ ಕರೆದರೂ ಏಳಲಿಲ್ಲ.

ಕರೆಂಟಿನ ವಿಷಯ ಹೇಳೋದು ಬಿಟ್ಟೆ. ನಮ್ಮ ಕಡೆ ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಯುಪಿಎಸ್ ಒಂದಿತ್ತು. ಸಾಮಾನ್ಯವಾಗಿ ಯುಪಿಎಸ್ ಕೆಟ್ಟಿದೆ ಅಂದರೆ ಅದರ 12 ವೋಲ್ಟ್ 7 ಎಎಚ್ ಬ್ಯಾಟರಿ ಸತ್ತಿದೆ ಅಂತಲೇ ಅರ್ಥ. 900 ರೂಪಾಯಿಗೆ ಹೊಸ ಬ್ಯಾಟರಿ ಹಾಕಿದೆ. ಹತ್ತು ನಿಮಿಷ ತಡೆಯುತ್ತದೆ, ಬರೆದದ್ದನ್ನು ಉಳಿಸಿ ಆಫ್ ಮಾಡೋಕೆ ಅಷ್ಟು ಸಾಕು. 150 ರೂಪಾಯಿಯ ಪೇಸ್ಟೂ ಸೇರಿದರೆ ಒಟ್ಟು ಖರ್ಚು 9,990 ರೂಪಾಯಿ. ಅಣ್ಣ ಕರೆಂಟ್ ಬಿಲ್ಲಿನ ಬಗ್ಗೆ ಕೇಳಿದ. ಮಾನಿಟರ್ ಸೇರಿ 60 ವ್ಯಾಟ್ ಅಂತ ಹಿಡಿದರೂ ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ ಏಳು ಯೂನಿಟ್ ಆಗುತ್ತದೆ. ಇನ್ನೊಂದು ಕೆಲಸ ಮರೆಯದೆ ಮಾಡಿದೆ, ಟೈಮ್‌ಶಿಫ್ಟ್ ಆನ್ ಮಾಡಿಟ್ಟೆ. ಏನಾದರೂ ಎಡವಟ್ಟಾದರೆ ಸಿಸ್ಟಮ್ಮನ್ನು ಹಿಂದಿನ ವಾರದ ಸ್ಥಿತಿಗೆ ತರಬಹುದು. ಕಲಿಯುವವರಿಗೆ ಕೆಟ್ಟುಹೋಗುತ್ತದೆ ಅನ್ನೋ ಭಯ ಇರಬಾರದು. ‘ಏನು ಬೇಕಾದರೂ ಒತ್ತಿ ನೋಡಿ, ನಾನು ಸರಿ ಮಾಡ್ತೀನಿ’ ಅಂತ ಎಲ್ಲರಿಗೂ ಹೇಳಿ ಬಂದೆ.

ಈಗ ಎರಡು ತಿಂಗಳಾಗಿದೆ. ಬೆಳಿಗ್ಗೆ ಅಪ್ಪ ಕೃಷಿ ಮಾರಾಟ ವಾಹಿನಿ ವೆಬ್‌ಸೈಟ್ ತೆಗೆದು ಕೊಬ್ಬರಿ ಧಾರಣೆ ನೋಡುತ್ತಾರೆ. ಪಕ್ಕದ ಮನೆಯವರೂ ಬಂದು ಕೇಳುತ್ತಾರಂತೆ, ‘ಇವತ್ತು ಉಂಡೆ ಕೊಬ್ಬರಿ ಎಷ್ಟಿದೆ ನೋಡಿ ಯಜಮಾನ್ರೇ’ ಅಂತ. ಪಹಣಿಯನ್ನು ಅಣ್ಣನೂ ಅಪ್ಪನೂ ಒಟ್ಟಿಗೆ ಕೂತು ನೋಡಿದರು. ಹಿಸ್ಸಾ ನಂಬರಿನಲ್ಲಿ ಇದ್ದ ಒಂದು ಗೊಂದಲ ಇಬ್ಬರಿಗೂ ಒಂದೇ ಸಲಕ್ಕೆ ಕಂಡಿತು, ನಾಡಕಚೇರಿಗೆ ಅರ್ಜಿ ಕೊಟ್ಟಿದ್ದಾರೆ. ಅರ್ಜಿಯನ್ನು ಅಪ್ಪ ತಾವೇ ಟೈಪ್ ಮಾಡಿದ್ದು. ಹುಡುಗಿ ಪಠ್ಯಪುಸ್ತಕವನ್ನು ಪೂರ್ತಿ ಪುಟ ಕಾಣುವ ಹಾಗೆ ತೆರೆದು, ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಾಳೆ. ಅಮ್ಮ ಸಂಜೆ ದೀಪ ಹಚ್ಚಿದ ಮೇಲೆ ಹರಿಕಥೆ ಹಾಕುತ್ತಾರೆ. ಅದು ಈಗ ಮನೆಯ ಎಲ್ಲರಿಗೂ ಕೇಳಿಸುತ್ತದೆ.

ಹೋದ ವಾರ ಅಪ್ಪನಿಂದ ನನಗೆ ಮೊದಲ ಸಲ ಒಂದು ಈಮೇಲ್ ಬಂತು. ಕನ್ನಡದಲ್ಲೇ ಇತ್ತು. ಹೀಗೆ:

‘ಮಳೆ ಇಲಲ. ಕೊಬಬರಿ ರೇಟು ಪರವಾಗಿಲಲ. ಅಮಮ ಚೆನನಾಗಿದದಾಳೆ. ಯಾಕೋ ನಿನನೆಯಿಂದ ಒತತು ಬರುತತಿಲಲ. ನಾನೇ ಮರೆತೆನಾ ನೋಡು.’

ಬಸ್ಸಿನಲ್ಲಿ ನಿಂತುಕೊಂಡೇ ಎರಡು ಸಲ ಓದಿದೆ. ಅಪ್ಪ ಏನೂ ಮರೆತಿಲ್ಲ. ಎಲ್ಲ ಅಕ್ಷರವೂ ಸರಿಯಾದ ಜಾಗದಲ್ಲಿದೆ, ಒತ್ತು ಬರಬೇಕಾದ ಕಡೆಯಲ್ಲೆಲ್ಲ ಅದೇ ವ್ಯಂಜನ ಎರಡು ಸಲ ಬಂದಿದೆ. ಎಫ್ ಕೀಲಿ ಕೆಲಸ ಮಾಡುತ್ತಿಲ್ಲ, ಅಷ್ಟೇ. ಮಷೀನಿನ ಜೊತೆ ಬಂದ ಹಳೆಯ ಕೀಬೋರ್ಡು, ಎರಡು ತಿಂಗಳಲ್ಲಿ ಅಪ್ಪ ಅದೊಂದು ಕೀಲಿಯನ್ನು ಎಷ್ಟು ಸಾವಿರ ಸಲ ಒತ್ತಿದ್ದಾರೋ. ಬಸ್ ಇಳಿದ ತಕ್ಷಣ ಫೋನ್ ಮಾಡಿ, ನಿಮ್ಮದೇನೂ ತಪ್ಪಿಲ್ಲ ಅಂತ ಹೇಳಿದೆ. 450 ರೂಪಾಯಿಗೆ ಹೊಸ ಕೀಬೋರ್ಡ್ ತಂದಿಟ್ಟಿದ್ದೇನೆ, ಶನಿವಾರದ ರೈಲಿಗೆ ಹೋಗಬೇಕು.